ಸಹಿಗೆ ಮುಂಚಿನ ಮಾತು

ನನ್ನ ಗಂಡ ತೀರಿಕೊಂಡ ಹದಿನೇಳನೆಯ ದಿನ ನಾನು ಮತ್ತೆ ಕಾಲೇಜಿಗೆ ಹೋದೆ. ಹೋಗಲೇಬೇಕೆಂದೇನೂ ಇರಲಿಲ್ಲ. ರಜೆ ಇನ್ನೂ ಬಾಕಿ ಇತ್ತು. ಪ್ರಾಂಶುಪಾಲರು ಫೋನಿನಲ್ಲಿ, "ನಿಧಾನಕ್ಕೆ ಬನ್ನಿ ಮೇಡಂ, ಅವಸರ ಇಲ್ಲ" ಎಂದಿದ್ದರು. ಆದರೆ ಅವತ್ತು ಬೆಳಿಗ್ಗೆ ಎದ್ದು ಸ್ನಾನ ಮಾಡಿದೆ, ಸೀರೆ ಉಟ್ಟೆ, ಡಬ್ಬಿಗೆ ಚಿತ್ರಾನ್ನ ಹಾಕಿಕೊಂಡೆ. ಸಾಗರದ ಬಸ್‌ಸ್ಟ್ಯಾಂಡಿಗೆ ಬಂದ ಮೇಲೆಯೇ ಎಲ್ಲಿಗೆ ಹೊರಟಿದ್ದೇನೆಂದು ಗೊತ್ತಾದದ್ದು.

ದುಃಖ ಉಕ್ಕಿ ಬರುತ್ತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಏನೂ ಆಗುತ್ತಿರಲಿಲ್ಲ. ಹಲ್ಲು ಕೀಳಿಸಲು ಇಂಜೆಕ್ಷನ್ ಕೊಟ್ಟ ಮೇಲೆ ದವಡೆ ಇರುತ್ತದಲ್ಲ, ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತದೆ, ಆದರೆ ಅದು ತನ್ನದು ಅನ್ನಿಸುವುದಿಲ್ಲ, ನಾನು ಇಡೀ ಹಾಗೆ ಇದ್ದೆ. ನನ್ನ ಗಂಡ ಸಾಗರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಒಂದು ಬೆಳಿಗ್ಗೆ ಶೂ ಲೇಸು ಕಟ್ಟಿಕೊಳ್ಳುತ್ತಾ ಎದೆ ಹಿಡಿದುಕೊಂಡು ಕೂತರು. ಹಿಂದಿನ ದಿನವಷ್ಟೇ ಬಂದು ನಮ್ಮಲ್ಲಿ ಉಳಿದಿದ್ದ ಅವರ ತಮ್ಮ ತನ್ನ ಕಾರಿನಲ್ಲಿ ಅವರನ್ನು ಮಲಗಿಸಿಕೊಂಡು ಶಿವಮೊಗ್ಗದ ಕಡೆ ಹೊರಟ. ನಾನು ಬಟ್ಟೆ, ಹಳೆಯ ರಿಪೋರ್ಟುಗಳ ಫೈಲು ಹುಡುಕಿಕೊಂಡು ಪಕ್ಕದ ಮನೆಯವರ ಕಾರಿನಲ್ಲಿ ಹಿಂದಿನಿಂದ ಹೋದೆ. ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಮಗೆ ಮಕ್ಕಳಿಲ್ಲ. ಕರ್ಮಾಂತರಗಳೆಲ್ಲ ಊರಿನ ಮನೆಯಲ್ಲೇ ನಡೆದವು. ಹೇಳಿದಲ್ಲಿ ಕೂತೆ, ಹೇಳಿದಾಗ ಎದ್ದೆ. ಒಂದು ಹನಿ ನೀರೂ ಕಣ್ಣಿನಿಂದ ಬರಲಿಲ್ಲ. ಬಂದವರು ನನ್ನನ್ನು ಗಟ್ಟಿಗಿತ್ತಿ ಎಂದರು.

ಅವತ್ತು ಬಸ್ಸಿನಲ್ಲಿ ಒಂದು ತಪ್ಪು ಮಾಡಿದೆ. ನಾನು ಕೆಲಸ ಮಾಡುವ ಕಾಲೇಜು ಹೊಸನಗರದ ಕಡೆ. ನಾನು ರಿಪ್ಪನ್‌ಪೇಟೆಯಲ್ಲೇ ಇಳಿದುಬಿಟ್ಟೆ. ಯಾಕೆ ಇಳಿದೆನೋ ತಿಳಿಯದು. ಯಾರೋ ಎದ್ದರು, ಅವರ ಹಿಂದೆ ನಾನೂ ಎದ್ದೆ. ಬಸ್ಸು ಹೋದ ಮೇಲೆ ನಿಲ್ದಾಣದ ಕಲ್ಲುಬೆಂಚಿನಲ್ಲಿ ಮುಂದಿನ ಬಸ್ಸು ಬರುವವರೆಗೆ ಕೂತೆ. ಬೇರೆ ದಿನವಾಗಿದ್ದರೆ ಹತ್ತು ಸಲ ಗಡಿಯಾರ ನೋಡುತ್ತಿದ್ದೆ. ಅವತ್ತು ಒಂದು ಸಲವೂ ನೋಡಲಿಲ್ಲ. ಕಾಲೇಜಿಗೆ ಹೋದಾಗ ಮೊದಲ ಪೀರಿಯಡ್ ಮುಗಿದಿತ್ತು. ಯಾರೂ ಏನೂ ಕೇಳಲಿಲ್ಲ.

ಕೊನೆಯ ವರ್ಷದ ಬಿ.ಎ. ತರಗತಿ, ಮೂವತ್ತೊಂದು ಮಕ್ಕಳು. ನಾನು ಒಳಗೆ ಬಂದಾಗ ಎಲ್ಲರೂ ಎದ್ದು ನಿಂತು ನನ್ನ ಹಣೆ ನೋಡಿದರು. ಹಣೆಯಲ್ಲಿ ಕುಂಕುಮ ಇತ್ತು. ಇಟ್ಟುಕೊಳ್ಳಬಾರದೆಂದು ನನಗೆ ತೋಚಿರಲಿಲ್ಲ, ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಹದಿನಾರು ವರ್ಷ ನಾನು ನೋಟ್ಸ್ ಬರೆಸಿದವಳು. ತರಗತಿಯಲ್ಲಿ ಎಲ್ಲರಿಗಿಂತ ನಿಧಾನವಾಗಿ ಬರೆಯುವವರು ಯಾರೆಂದು ಮೊದಲ ವಾರದಲ್ಲೇ ಕಂಡುಕೊಂಡು, ಅವರ ಕೈ ನೋಡುತ್ತಾ ಅದೇ ವೇಗದಲ್ಲಿ ರಾಜ್ಯಶಾಸ್ತ್ರ ಓದಿ ಹೇಳುತ್ತಿದ್ದೆ. ಕಾಮಾ, ಹೊಸ ಪ್ಯಾರಾ, ಇದರ ಕೆಳಗೆ ಗೆರೆ ಎಳೀರಿ ಎಂದೂ ಹೇಳುತ್ತಿದ್ದೆ. ನನ್ನ ವಿಷಯದಲ್ಲಿ ಫೇಲಾಗುವವರು ಕಡಿಮೆ. ಯಾರದ್ದೂ ತಕರಾರಿರಲಿಲ್ಲ. ನನ್ನ ಗಂಡ ಮಾತ್ರ, "ನೀ ಪಾಠ ಮಾಡ್ತ್ಯನೆ, ವಾರ್ತೆ ಓದ್ತ್ಯನೆ?" ಎಂದು ಕೀಟಲೆ ಮಾಡುತ್ತಿದ್ದರು.

ಅವತ್ತು ನೋಟ್ಸ್ ತೆರೆದು ಮೊದಲ ವಾಕ್ಯ ಓದಿದೆ. "ಪ್ರಜಾಪ್ರಭುತ್ವದಲ್ಲಿ ಪ್ರತಿಯೊಬ್ಬ ಪ್ರಜೆಯ ಅಭಿಪ್ರಾಯಕ್ಕೂ ಬೆಲೆ ಇರುತ್ತದೆ." ಮಕ್ಕಳು ಬರೆದುಕೊಂಡರು. ಮುಂದಿನ ವಾಕ್ಯ ಓದಿದೆ. ಸ್ವಲ್ಪ ಹೊತ್ತಾದ ಮೇಲೆ ಎರಡನೆಯ ಬೆಂಚಿನ ಒಬ್ಬ ಹುಡುಗಿ ಮೆಲ್ಲಗೆ ಎದ್ದು ನಿಂತಳು.

"ಮೇಡಂ, ಒಂದೇ ವಾಕ್ಯ ಮೂರು ಸಲ ಆಯ್ತು" ಎಂದಳು.

ನನಗೆ ನಂಬಿಕೆಯಾಗಲಿಲ್ಲ. ಇಳಿದು ಹೋಗಿ ಅವಳ ಬರೆಯುವ ಪಟ್ಟಿ ನೋಡಿದೆ. ಹೌದು, ಮೂರು ಸಲ ಇತ್ತು. ಪಕ್ಕದವರ ಪಟ್ಟಿಯಲ್ಲೂ ಮೂರು ಸಲ. ಹಿಂದಿನ ಬೆಂಚಿಗೆ ಹೋದೆ, ಅಲ್ಲೂ ಮೂರು ಸಲ, ಒಂದರ ಕೆಳಗೊಂದು, ನೀಟಾಗಿ.

"ಯಾರೂ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

ಕಿಟಕಿ ಪಕ್ಕದ ಹುಡುಗ ಎದ್ದು, "ನೀವು ಹೇಳಿದ್ರಿ, ನಾವು ಬರ್ದ್ವಿ ಮೇಡಂ" ಎಂದ. ವ್ಯಂಗ್ಯವೇನೂ ಇರಲಿಲ್ಲ. ಇದ್ದದ್ದನ್ನು ಹೇಳಿದ.

ನಾನು ಪಟ್ಟಿ ಮುಚ್ಚಿ ಕುರ್ಚಿಯಲ್ಲಿ ಕೂತೆ. ನನ್ನಲ್ಲಿ ಹೇಳುವುದಕ್ಕೆ ಏನೂ ಇರಲಿಲ್ಲ, ಇದೇ ನಿಜ. ಆಮೇಲೆ ಎರಡು ಮೂರು ಕಡೆ ನನ್ನನ್ನು ಕರೆದು, ಸಂವಾದದ ಮೂಲಕ ಪಾಠ ಮಾಡುವ ಬಗ್ಗೆ ಮಾತಾಡಲು ಹೇಳಿದ್ದಾರೆ. ಅಲ್ಲಿ ಏನೇನೋ ಹೇಳಿದ್ದೇನೆ. ಆದರೆ ಅದು ಶುರುವಾದದ್ದು ಯಾವ ಯೋಚನೆಯಿಂದಲೂ ಅಲ್ಲ, ಬಾಯಿಗೆ ಮುಂದಿನ ವಾಕ್ಯ ಬಾರದೆ.

"ಇವತ್ತು ಬರೆಯೋದು ಬೇಡ. ನಿಮ್ಮ ಮನೇಲಿ ಒಂದು ವಿಷಯ ತೀರ್ಮಾನ ಆಗೋದು ಹೇಗೆ, ಹೇಳಿ" ಎಂದೆ.

ಯಾರೂ ಹೇಳಲಿಲ್ಲ. ಮೊದಲಾಗಿದ್ದರೆ ಅಂಥ ಮೌನವನ್ನು ನಾನು ಅರ್ಧ ನಿಮಿಷವೂ ತಡೆಯುತ್ತಿರಲಿಲ್ಲ. ಪ್ರಶ್ನೆ ಕೇಳಿ ಉತ್ತರವನ್ನೂ ನಾನೇ ಹೇಳಿ ಮುಂದೆ ಹೋಗುತ್ತಿದ್ದೆ. ಅವತ್ತು ಆ ಮೌನ ನನ್ನನ್ನು ಏನೂ ಮಾಡಲಿಲ್ಲ. ಸುಮ್ಮನೆ ಕೂತಿದ್ದೆ. ಮಕ್ಕಳು ಬೆಂಚಿನ ಮೇಲೆ ಕದಲಿದರು, ಒಬ್ಬರ ಮುಖ ಒಬ್ಬರು ನೋಡಿದರು. ಪಕ್ಕದ ತರಗತಿಯ ಕಾಮರ್ಸ್ ಪಾಠ ನಮಗೆಲ್ಲ ಕೇಳಿಸುತ್ತಿತ್ತು. ಬಹಳ ಹೊತ್ತಿನ ಮೇಲೆ ಕಿಟಕಿ ಪಕ್ಕದ ಅದೇ ಹುಡುಗ, "ಅಪ್ಪ ಹೇಳ್ತಾರೆ ಮೇಡಂ, ಅಮ್ಮ ಮಾಡ್ತಾರೆ" ಎಂದ. ಎಲ್ಲರೂ ನಕ್ಕರು. ಮತ್ತೊಬ್ಬಳು, "ನಮ್ಮನೇಲಿ ಅಮ್ಮ ಹೇಳ್ತಾರೆ, ಅಪ್ಪ ತಾನೇ ಹೇಳಿದ್ದು ಅಂತ ತಿಳ್ಕೊಂತಾರೆ" ಎಂದಳು. ಬೆಲ್ ಹೊಡೆಯುವವರೆಗೆ ಮಾತು ನಿಲ್ಲಲಿಲ್ಲ. ನಾನು ಒಂದು ಮಾತೂ ಸೇರಿಸಲಿಲ್ಲ.

ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ಕಡ್ಡಾಯ ಮತದಾನ ಇರಬೇಕೋ ಬೇಡವೋ, ತೋಟಕ್ಕೆ ನುಗ್ಗುವ ಮಂಗಗಳನ್ನು ಹಿಡಿದು ಬೇರೆ ಊರಿನ ಕಾಡಿಗೆ ಬಿಡುವುದು ನ್ಯಾಯವೋ ಅಲ್ಲವೋ, ಹಾಸ್ಟೆಲಿನ ಹುಡುಗಿಯರಿಗೆ ಮಾತ್ರ ಆರು ಗಂಟೆಯ ಬಾಗಿಲು ಯಾಕೆ. ಮೊದಮೊದಲು ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಬೆಂಚುಗಳನ್ನು ಎದುರುಬದುರು ಎಳೆದು ಹಾಕಿದಾಗ ಆದ ಸದ್ದಿಗೆ ಕಾಮರ್ಸ್ ಮೇಷ್ಟ್ರು ಬಾಗಿಲಿಗೆ ಬಂದು ನಿಂತು ನೋಡಿ ಹೋದರು.

ಕೂಗಾಟಕ್ಕೆ ಒಂದು ದಾರಿ ಹೇಳಿದವಳು ಎರಡನೆಯ ಬೆಂಚಿನ ಆ ಹುಡುಗಿಯೇ. ಅವಳ ಊರು ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿ, ಇಲ್ಲಿ ಹಾಸ್ಟೆಲಿನಲ್ಲಿ ಇದ್ದಳು. ಎರಡು ವರ್ಷ ನನ್ನ ಎದುರೇ ಕೂತಿದ್ದರೂ, ಆ ದಿನ ಎದ್ದು ನಿಲ್ಲುವವರೆಗೆ ಅವಳ ದನಿ ಹೇಗಿದೆಯೆಂದು ನನಗೆ ಗೊತ್ತಿರಲಿಲ್ಲ.

"ಮೇಡಂ, ಒಂದು ರೂಲ್ ಮಾಡಾಣ. ನಾನು ಮಾತಾಡೋಕೆ ಮುಂಚೆ, ನನಗಿಂತ ಮುಂಚೆ ಮಾತಾಡಿದೋರು ಏನು ಹೇಳಿದ್ರು ಅಂತ ಹೇಳ್ಬೇಕು. ಅವ್ರು ಹೌದು ಅಷ್ಟೇ ಅಂತ ಒಪ್ಪಿದ್ರೆ ಮಾತ್ರ ನನ್ನ ಮಾತು" ಎಂದಳು.

ಇದರಿಂದ ತರಗತಿಯ ವೇಗ ಅರ್ಧಕ್ಕರ್ಧ ಇಳಿಯಿತು. ಬೇರೆಯವರ ಮಾತನ್ನು ಅವರು ಒಪ್ಪುವ ಹಾಗೆ ತಿರುಗಿ ಹೇಳುವುದು ಎಷ್ಟು ಕಷ್ಟ ಎಂಬುದು ಎಲ್ಲರಿಗೂ ಅರ್ಥವಾಯಿತು. ಕೆಲವರು ಹೇಳಲು ಎದ್ದು, ಎದುರಿನವರ ಮಾತು ನೆನಪಾಗದೆ ಹಾಗೇ ಕೂರುತ್ತಿದ್ದರು. ನಾನು ಇದನ್ನೆಲ್ಲ ಗಾಜಿನ ಆಚೆಯಿಂದ ನೋಡಿದ ಹಾಗೆ ನೋಡುತ್ತಿದ್ದೆ. ಸಂತೋಷವಾಗುತ್ತಿತ್ತೇ? ಇಲ್ಲ. ಆದರೆ ಬೆಳಿಗ್ಗೆ ಎದ್ದು ಬಸ್ಸು ಹತ್ತುವುದಕ್ಕೆ ಅಷ್ಟು ಸಾಕಾಗುತ್ತಿತ್ತು.

ಹಕ್ಕುಗಳ ಅಧ್ಯಾಯ ಬಂದಾಗ, ಮಾತಾಡುವ ವಿಷಯವನ್ನು ನೀವೇ ಆರಿಸಿ ಎಂದೆ. ಅರಳಸುರಳಿಯ ಹುಡುಗಿ ಎದ್ದಳು.

"ಅಪ್ಪನ ತೋಟದಲ್ಲಿ ನನಗೆ ಪಾಲು ಬೇಡ ಅಂತ ಹೆಣ್ಮಕ್ಕಳು ಸಹಿ ಹಾಕ್ಬೇಕಾ ಮೇಡಂ? ಇದನ್ನ ಮಾತಾಡಾಣ."

ತರಗತಿ ಒಮ್ಮೆಲೇ ಗಂಭೀರವಾಯಿತು. ಅಲ್ಲಿದ್ದ ಹೆಚ್ಚಿನವರ ಮನೆಯಲ್ಲಿ ಅಕ್ಕಂದಿರೋ ಅತ್ತೆಯಂದಿರೋ ಅಂಥ ಸಹಿ ಹಾಕಿದವರೇ. ಮದುವೆಗೆ ಮುಂಚೆಯೋ ಮದುವೆಯಾದ ಹೊಸತರಲ್ಲೋ ನೋಂದಣಿ ಕಚೇರಿಗೆ ಕರೆದುಕೊಂಡು ಹೋಗುತ್ತಾರೆ, ತೋರಿಸಿದಲ್ಲಿ ಸಹಿ ಹಾಕಿಸುತ್ತಾರೆ, ಹೋಟೆಲಿನಲ್ಲಿ ಮಸಾಲೆದೋಸೆ ಕೊಡಿಸಿ ಮನೆಗೆ ಕರೆತರುತ್ತಾರೆ.

ಎದುರು ಮಾತಾಡಿದವನು ಕಿಟಕಿ ಪಕ್ಕದ ಹುಡುಗ. ಅವನ ಅಜ್ಜನ ಊರು ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಹೋಗಿತ್ತು. ಆಮೇಲೆ ಅವರ ಕುಟುಂಬ ಇತ್ತ ಬಂದು ಗುಡ್ಡ ಕಡಿದು ಒಂದೂವರೆ ಎಕರೆ ಅಡಿಕೆ ತೋಟ ಮಾಡಿಕೊಂಡಿತ್ತು.

"ತೋಟ ಅಂದ್ರೆ ಬ್ಯಾಂಕಲ್ಲಿಟ್ಟ ದುಡ್ಡಲ್ಲ ಮೇಡಂ" ಎಂದ. "ಔಷಧಿ ಹೊಡ್ಸೋದು, ಕೊನೆ ಕೊಯ್ಸೋದು, ಕಾಲುವೆ ಬಿಡ್ಸೋದು, ಎಲ್ಲ ಅಲ್ಲೇ ಇರೋನು ಮಾಡ್ತಾನೆ. ನಮ್ಮದು ಒಂದ್ಸಲ ಮುಳುಗಿ ಹೋಗಿದ್ದು. ಈಗ ಇರೋ ಒಂದೂವರೆ ಎಕರೆನೂ ತುಂಡು ಮಾಡಿದ್ರೆ ಯಾರಿಗೂ ಏನೂ ಉಳಿಯಲ್ಲ. ಅಕ್ಕನ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ಅವಳು ಸಹಿ ಹಾಕ್ಬೇಕು."

ನಿಯಮದ ಪ್ರಕಾರ ಹುಡುಗಿ ಅದನ್ನು ತಿರುಗಿ ಹೇಳಬೇಕಿತ್ತು. ಅವಳು ಅವಸರ ಮಾಡಲಿಲ್ಲ.

"ಇವನು ಹೇಳೋದು ಆಸೆ ಮಾತಲ್ಲ, ಹೆದರಿಕೆ ಮಾತು" ಎಂದಳು. "ಒಂದು ಸಲ ಊರೇ ಕೈಬಿಟ್ಟು ಹೋದೋರಿಗೆ ಮಣ್ಣು ಮತ್ತೆ ಹೋಗುತ್ತೆ ಅಂತ ಹೆದರಿಕೆ ಇರುತ್ತೆ. ದುಡಿಯೋರ ಕೈಯಲ್ಲಿ ಇದ್ರೆ ಉಳಿಯುತ್ತೆ ಅಂತ ಇವನ ಲೆಕ್ಕ. ಸರಿಯಾ?"

ಹುಡುಗ ಅವಳನ್ನೇ ನೋಡಿ, "ಹೌದು, ಅಷ್ಟೇ" ಎಂದ.

"ನಿಮ್ಮಜ್ಜನ ಊರು ಮುಳುಗೋ ಮುಂಚೆ ಯಾರೋ ಬಂದು ಹೆಬ್ಬೆಟ್ಟು ಒತ್ತಿಸ್ಕೊಂಡು ಹೋದ್ರು ಅಂತ ಮೊನ್ನೆ ಹೇಳಿದ್ಯಲ್ಲ. ಯಾಕೆ, ಎಂತಕ್ಕೆ ಅಂತ ಯಾರೂ ಅವರ ಹತ್ರ ಕೂತು ಮಾತಾಡ್ಲಿಲ್ಲ ಅಂತ ನಿನಗೆ ಇವತ್ತಿಗೂ ಸಿಟ್ಟು. ನಂದೂ ಅದೇ. ನನಗೆ ತೋಟ ಬೇಕು ಅಂತ ನಾನು ಹೇಳ್ತಿಲ್ಲ. ಬರೋ ತಿಂಗಳು ಸಹಿ ಹಾಕ್ಬೇಕು ಅಂತ ಅಪ್ಪ ಅಮ್ಮನ ಹತ್ರ ಹೇಳಿದಾರೆ. ನನ್ನ ಹತ್ರ ಹೇಳಿಲ್ಲ. ಮನೆ ಬಿಡ್ಸೋಕೆ ಮುಂಚೆ ಅಜ್ಜನ್ನ ಕೇಳ್ಬೇಕಿತ್ತು, ಸಹಿ ಹಾಕ್ಸೋಕೆ ಮುಂಚೆ ನನ್ನ ಕೇಳ್ಬೇಕು."

ಹುಡುಗ ಅವಳ ಮಾತನ್ನು ತಿರುಗಿ ಹೇಳುವುದಕ್ಕೂ ಹೋಗದೆ ತಲೆ ತಗ್ಗಿಸಿ ಕೂತ. ಆಗ ಹಿಂದಿನಿಂದ ಯಾರೋ, "ಮೇಡಂ, ನೀವಾಗಿದ್ರೆ ಸಹಿ ಹಾಕ್ತಿದ್ರಾ?" ಎಂದು ಕೇಳಿದರು.

ನಾನು ಇಷ್ಟು ದಿನ ತರಗತಿಯಲ್ಲಿ ನನ್ನ ಅಭಿಪ್ರಾಯ ಹೇಳಿರಲಿಲ್ಲ. ಅವತ್ತು ಹೇಳಿದ್ದು ಅಭಿಪ್ರಾಯವೂ ಅಲ್ಲ. ಗಂಡ ತೀರಿಕೊಂಡ ಹದಿನೈದನೆಯ ದಿನ ಮೈದುನ ಒಂದು ಕಾಗದ ತಂದು ಮುಂದಿಟ್ಟಿದ್ದ. ಪೆನ್ನು ಕೊಟ್ಟಿದ್ದ. ನಾನು ಹಾಕಿದ್ದೆ.

"ನಾನು ಹಾಕಿದೀನಿ, ಒಂದು ತಿಂಗಳ ಹಿಂದೆ. ಅದು ಏನು ಕಾಗದ ಅಂತ ಓದಿಲ್ಲ" ಎಂದೆ.

ಮೂವತ್ತೊಂದು ಮುಖಗಳು ನನ್ನನ್ನೇ ನೋಡುತ್ತಿದ್ದವು. ಬೆಲ್ ಹೊಡೆದ ಮೇಲೂ ಯಾರೂ ಏಳಲಿಲ್ಲ. ನಾನೇ ಎದ್ದು ಹಾಜರಿ ಪುಸ್ತಕ ತೆಗೆದುಕೊಂಡು ಹೊರಗೆ ಬಂದೆ.

ಆ ಶನಿವಾರ ಹುಡುಗಿ ಊರಿಗೆ ಹೋದಳು. ಸೋಮವಾರ ಅವಳು ಬರಲಿಲ್ಲ, ಅವಳ ಅಪ್ಪ ಬಂದರು. ಪ್ರಾಂಶುಪಾಲರು ನನ್ನನ್ನು ಕೋಣೆಗೆ ಕರೆಸಿದರು. ಐವತ್ತೈದರ ಆಸುಪಾಸಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೂರಿ ಎಂದರೂ ಕೂರದೆ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಎರಡು ಬಸ್ಸು ಬದಲಿಸಿ ಬಂದಿದ್ದರು.

"ಓದ್ಲಿ ಅಂತ ಕಳ್ಸಿದ್ದು ಮೇಡಂ ನಾವು" ಎಂದರು. ದನಿ ಏರಿಸಲಿಲ್ಲ. "ಊಟಕ್ಕೆ ಕೂತಲ್ಲಿ ಎಲ್ಲರ ಎದ್ರು ಕೇಳಿದ್ಲು, ನನ್ನ ಸಹಿ ಬಗ್ಗೆ ನನ್ನ ಹತ್ರ ಯಾಕೆ ಮಾತಾಡಿಲ್ಲ ಅಂತ. ಅವಳ ತಮ್ಮ ತಟ್ಟೆ ಬಿಟ್ಟು ಎದ್ದು ಹೋದ. ಇದು ಪುಸ್ತಕದಲ್ಲಿರೋ ಪಾಠವಾ? ಮನೆ ಒಡೆಯೋದನ್ನ ಕಾಲೇಜಲ್ಲಿ ಕಲಿಸ್ತಾರಾ?"

ಪ್ರಾಂಶುಪಾಲರು, "ಇಲ್ಲ ಇಲ್ಲ, ಹಾಗೇನಿಲ್ಲ, ಇನ್ಮುಂದೆ ಆಗಲ್ಲ" ಎಂದರು.

ನನಗೆ ಹೆದರಿಕೆಯಾಗಲಿಲ್ಲ, ಬೇಸರವೂ ಆಗಲಿಲ್ಲ. ತರಗತಿಯ ರೂಢಿಯೋ ಏನೋ, ಬಾಯಿಂದ ತಾನಾಗಿ ಬಂತು. "ನೀವು ಹೇಳಿದ್ದು ನನಗೆ ಸರಿಯಾಗಿ ತಿಳೀತಾ ನೋಡ್ತೀನಿ. ತಪ್ಪಿದ್ರೆ ತಿದ್ದಿ. ನಿಮಗೆ ಮಗಳು ಕೇಳಿದ್ದಕ್ಕೆ ಬೇಜಾರಲ್ಲ. ಎಲ್ಲರ ಎದುರು ಕೇಳಿದ್ದಕ್ಕೆ ಬೇಜಾರು. ಇದರಿಂದ ಅಕ್ಕ ತಮ್ಮ ಮಾತು ಬಿಡ್ತಾರೆ ಅಂತ ಹೆದರಿಕೆ" ಎಂದೆ.

ಅವರು ಕುರ್ಚಿ ಎಳೆದು ಕೂತರು.

"ನನ್ನ ತಂಗಿ ಹೀಂಗೇ ಕೇಳಿದ್ಲು" ಎಂದರು. "ಕೋರ್ಟಿಗೆ ಹೋತು. ಗೌರಿ ಹಬ್ಬಕ್ಕೆ ಬಾಗಿನ ತಗಂಡು ಹೋದ್ರೆ ಬಾಗ್ಲು ತೆಗೀಲಿಲ್ಲ. ಅಮ್ಮ ಸಾಯ್ವಾಗ್ಲೂ ಬರ್ಲಿಲ್ಲ. ಒಂದ್ ಮನೆ ಒಡ್ದಿದ್ದು ಸಾಕು ಮೇಡಂ."

ಇಲ್ಲಿಗೆ ಅವರು ಕರಗಿದರು ಎಂದು ಬರೆದರೆ ಚೆಂದವಿರುತ್ತಿತ್ತು. ಹಾಗಾಗಲಿಲ್ಲ. ಎದ್ದು ನಿಂತು, "ನೀವೇ ಓದ್ದೆ ಸಹಿ ಹಾಕಿದೀರಂತೆ, ಮಗಳು ಹೇಳಿದ್ಲು. ನಿಮ್ಮನೆ ಕಾಗ್ದ ನೀವು ಓದ್ದೆ, ನಮ್ಮನೆ ಕಾಗ್ದ ಓದ್ಸಕ್ಕೆ ಹೊರಟ್ರಾ?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಹಾಸ್ಟೆಲಿಗೆ ಹೋಗಿ ಮಗಳ ಪೆಟ್ಟಿಗೆ, ಹಾಸಿಗೆ ಕಟ್ಟಿಸಿಕೊಂಡು ಹೋದರು.

ಅವರು ಹೋದ ಮೇಲೆ ಪ್ರಾಂಶುಪಾಲರು, "ಸಿಲೆಬಸ್ ಮುಗಿಸಿ ಮೇಡಂ. ಚರ್ಚೆ ಗಿರ್ಚೆ ಎಲ್ಲ ಆಮೇಲೆ" ಎಂದರು. ಒಳ್ಳೆಯ ಮನುಷ್ಯ. ನನ್ನ ಮುಖ ನೋಡಿ, "ನಿಮಗೆ ಇನ್ನೊಂದಷ್ಟು ರಜೆ ಬೇಕಾಗಿತ್ತು ಅನ್ಸುತ್ತೆ" ಎಂದೂ ಹೇಳಿದರು.

ಅವತ್ತು ಸಂಜೆ ಬಸ್ಸಿನಲ್ಲಿ ಆ ಮನುಷ್ಯನ ಕೊನೆಯ ಪ್ರಶ್ನೆ ಮಾತ್ರ ಉಳಿದಿತ್ತು. ಅವಮಾನವಾಗಿ ಉಳಿದದ್ದಲ್ಲ. ಉತ್ತರ ಕೊಡಬೇಕಾದ ಪ್ರಶ್ನೆಯಾಗಿ ಉಳಿಯಿತು. ಭಾನುವಾರ ಬೆಳಿಗ್ಗೆ ಮೈದುನನ ಮನೆಗೆ ಹೋದೆ. ಸಾಗರದಿಂದ ಅರ್ಧ ಗಂಟೆಯ ಹಾದಿ. ಅವನು ಜಗುಲಿಯಲ್ಲಿ ಕೂತು ಔಷಧಿ ಹೊಡೆಯುವ ಪಂಪಿನ ವಾಷರ್ ಬದಲಿಸುತ್ತಿದ್ದ. ನನ್ನನ್ನು ಕಂಡು ಗಡಬಡಿಸಿ ಎದ್ದ. ಕರ್ಮಾಂತರ ಮುಗಿದ ಮೇಲೆ ನಾನು ಆ ಮನೆಗೆ ಹೋಗಿರಲಿಲ್ಲ.

"ಅವತ್ತು ಸಹಿ ಹಾಕಿದ್ನಲ, ಆ ಕಾಗದ ಒಂದ್ಸಲ ಓದಕಾಗಿತ್ತು" ಎಂದೆ.

ಅವನ ಮುಖ ಸಪ್ಪಗಾಯಿತು. "ಎಂತಕ್ಕೆ ಅತ್ತಿಗೆ? ಎಂತಾರೂ ಸಂಶಯ ಇದ್ದಾ?"

"ಸಂಶಯ ಎಂತೂ ಇಲ್ಲೆ. ಆನು ಓದಿದ್ದಿಲ್ಲೆ, ಅಷ್ಟೇಯ."

ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನಲ್ಲಿದ್ದ ಕಾಗದ ತಂದ. ಜಗುಲಿಯ ಅಂಚಿನಲ್ಲಿ ಕೂತು ಮೊದಲಿಂದ ಕೊನೆಯವರೆಗೆ ಓದಿದೆ. ತೋಟದ ಪಹಣಿಯಲ್ಲಿ ಗಂಡನ ಹೆಸರು ತೆಗೆದು ಆ ಜಾಗದಲ್ಲಿ ನನ್ನ ಹೆಸರು ಸೇರಿಸಬೇಕೆಂಬ ಅರ್ಜಿ ಅದು. ಮೋಸದ ಮಾತು ಹಾಗಿರಲಿ, ನನ್ನ ಕಡೆಯ ಒಂದು ಗುಲಗಂಜಿಯೂ ಕಡಿಮೆಯಾಗದ ಹಾಗೆ ಬರೆಸಿದ್ದ. ಸಮಾಧಾನವಾಗಬೇಕಿತ್ತು. ಅವನ ಎದುರು ಕೂತು ಅದನ್ನು ಓದಿದ್ದಕ್ಕೆ ನಾಚಿಕೆಯಾದರೂ ಆಗಬೇಕಿತ್ತು. ಎರಡೂ ಆಗಲಿಲ್ಲ. ಮಡಿಸಿ ವಾಪಸು ಕೊಟ್ಟೆ.

"ಅವತ್ತೇ ಓದಿ ಹೇಳಕಾಗಿತ್ತು" ಎಂದ ಅವನು. "ನೀ ಎಂತೂ ಕೇಳಿದ್ದಿಲ್ಲೆ. ಆನು ಪೆನ್ ಕೊಟ್ಟಿ, ನೀ ಹಾಕ್ದೆ. ಯಂಗೂ ಮಾತಾಡಲೆ ಧೈರ್ಯ ಬಂಜಿಲ್ಲೆ." ವಾಷರನ್ನು ಬೆರಳಿನಲ್ಲಿ ತಿರುಗಿಸುತ್ತಾ, "ಕಾರಲ್ಲಿ ಅಣ್ಣ ಎಂತ ಹೇಳ್ದ ಹೇಳಿ ಇವತ್ತಿನವರೆಗೂ ನೀ ಕೇಳಿದ್ದಿಲ್ಲೆ" ಎಂದ.

ಹೌದು, ಕೇಳಿರಲಿಲ್ಲ. ಕೇಳಬಹುದು ಎಂಬುದೇ ಹೊಳೆದಿರಲಿಲ್ಲ.

"ಎಂತ ಹೇಳಿದ್ರು?"

"ಗ್ಲಾಸು ಇಳಿಸು ಹೇಳಿದ. ಆನು ಇಳಿಸಿದಿ. ಆಮೇಲೆ, ಸ್ಕೂಲಿಗೆ ಒಂದು ಫೋನ್ ಮಾಡು, ಒಂಬತ್ತನೇ ಕ್ಲಾಸಿಗೆ ಇವತ್ತು ಡ್ರಾಯಿಂಗ್ ಇದ್ದು ಹೇಳಿದ. ಅಷ್ಟೇಯ ಅತ್ತಿಗೆ. ಮತ್ತೆ ಮಾತಿಲ್ಲೆ."

ನನ್ನ ಹೆಸರು ತೆಗೆದರೇ ಎಂದು ಕೇಳಲಿಲ್ಲ. ತೆಗೆದಿದ್ದರೆ ಅವನೇ ಹೇಳುತ್ತಿದ್ದ. ಅವನ ಕಣ್ಣಲ್ಲಿ ನೀರು ಬಂತು, ತೋಳಿನಿಂದ ಒರೆಸಿಕೊಂಡ. ಇಷ್ಟು ದಿನ ಅದನ್ನು ಒಬ್ಬನೇ ಇಟ್ಟುಕೊಂಡಿದ್ದ. ನಾನು ಅವನ ಎದುರು ಕೂತಿದ್ದೆ. ಓರಗಿತ್ತಿ ತಂದಿಟ್ಟ ಕಷಾಯ ಕುಡಿದೆ. ಊಟ ಮಾಡಿಕೊಂಡು ಹೋಗು ಎಂದರು, ಮಾಡಿದೆ. ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದು, ಅವತ್ತು ಸ್ಕೂಲಿಗೆ ಯಾರಾದರೂ ಫೋನ್ ಮಾಡಿದ್ದರೇ ಎಂದು ಗಂಡನ ಸ್ಕೂಲಿನ ಹೆಡ್‌ಮಾಸ್ಟರಿಗೆ ಫೋನ್ ಮಾಡಿ ಕೇಳಿದೆ. "ಮಾಡಿದ್ರು ಮೇಡಂ, ನಿಮ್ಮ ಮೈದುನನೇ ಮಾಡಿದ್ರು. ಆಗ ಗಂಟೆ ಒಂಬತ್ತು ಆಗಿತ್ತು" ಎಂದರು.

ತರಗತಿಯಲ್ಲಿ ಎರಡನೆಯ ಬೆಂಚಿನ ಜಾಗ ಖಾಲಿ ಇತ್ತು. ಮಕ್ಕಳು ಅವಳ ಬಗ್ಗೆ ನನ್ನನ್ನು ಕೇಳಲಿಲ್ಲ, ಅವರಿಗೆ ನನಗಿಂತ ಹೆಚ್ಚು ಗೊತ್ತಿತ್ತು. ಪರೀಕ್ಷೆ ಹತ್ತಿರ ಬರುತ್ತಿತ್ತು. ಒಂದು ದಿನ ಕೆಲವರು ಸೇರಿ, "ಮೇಡಂ, ನೋಟ್ಸ್ ಕೊಡಿ" ಎಂದರು. ಇನ್ನು ಕೆಲವರು ಬೇಡ ಎಂದರು. ಹಾಗಾದರೆ ಅದನ್ನೇ ಮಾತಾಡಿ ಎಂದು ನಾನು ಕೂತೆ.

ಮಾತು ಎರಡು ದಿನ ನಡೆಯಿತು. ನೋಟ್ಸ್ ಬೇಕೆಂದವರ ಪರ ಮಾತಾಡಿದವಳು ಮೂರು ಸಲ ಬಸ್ಸು ಬದಲಿಸಿ ಬರುವ ಹುಡುಗಿ. "ಮಾತಾಡಿದ್ದು ತಲೇಲಿ ಇರುತ್ತೆ, ನಿಜ. ಆದ್ರೆ ಪೇಪರಲ್ಲಿ ನನ್ನ ಮಾತಿಗೆ ಮಾರ್ಕ್ಸ್ ಇಲ್ಲ, ಪುಸ್ತಕದ ಮಾತಿಗೆ ಮಾತ್ರ. ನಾನು ಫೇಲಾದ್ರೆ ಮನೇಲಿ ಇನ್ನೊಂದು ಸಲ ಕಳ್ಸಲ್ಲ" ಎಂದಳು. ಕಿಟಕಿ ಪಕ್ಕದ ಹುಡುಗ ಅವಳ ಮಾತನ್ನು ತಿರುಗಿ ಹೇಳಿ, ತನ್ನದಾಗಿ ಏನೂ ಹೇಳದೆ ಕೂತುಬಿಟ್ಟ. ಯಾಕೆಂದು ಕೇಳಿದೆ. "ನನ್ನ ಎದುರು ವಾದ ಮಾಡೋಳೇ ಇಲ್ಲ ಮೇಡಂ" ಎಂದ. ಕೊನೆಗೆ ವಾರದಲ್ಲಿ ಮೂರು ದಿನ ನೋಟ್ಸ್, ಎರಡು ದಿನ ಮಾತು ಎಂದು ಅವರೇ ತೀರ್ಮಾನ ಮಾಡಿದರು. ನನಗೆ ಇಷ್ಟವಾಯಿತೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ನಾನು ಮರುದಿನದಿಂದ ಓದಿ ಹೇಳಿದೆ, ಅವರು ಬರೆದುಕೊಂಡರು. ಆ ನೋಟ್ಸಿನ ಒಂದು ಪ್ರತಿ ತೆಗೆದು ಕಿಟಕಿ ಪಕ್ಕದ ಹುಡುಗ ಅರಳಸುರಳಿಗೆ ಹೋಗುವ ಯಾರದೋ ಕೈಯಲ್ಲಿ ಕಳಿಸಿದನೆಂದು ಆಮೇಲೆ ಗೊತ್ತಾಯಿತು.

ಅವಳು ಪರೀಕ್ಷೆಗೆ ಬಂದಳು. ಪ್ರತಿದಿನ ಅಪ್ಪ ಜೊತೆಗೆ ಬಂದು ಗೇಟಿನ ಹೊರಗಿನ ಮರದಡಿ ಕಾಯುತ್ತಿದ್ದರು. ನನ್ನನ್ನು ಕಂಡರೆ ತಲೆ ಆಡಿಸುತ್ತಿದ್ದರು, ಮಾತಿಲ್ಲ. ಅವಳ ಜೊತೆ ಮಾತಾಡಬೇಕೆಂದು ನನಗೆ ಅನ್ನಿಸಿತು. ಅವಳನ್ನು ಅವರ ಕಣ್ಣೆದುರು ಇನ್ನೊಂದು ಕಷ್ಟಕ್ಕೆ ಸಿಲುಕಿಸುವುದು ಬೇಡವೆಂದು ಸುಮ್ಮನಾದೆ. ಹೀಗೆ ಅನ್ನಿಸಿದ್ದೇ ಬಹಳ ದಿನದ ಮೇಲೆ. ನನ್ನಿಂದ ಒಬ್ಬಳ ಓದು ನಿಲ್ಲುವುದರಲ್ಲಿತ್ತು ಎಂಬ ಯೋಚನೆ ಆ ಹೊತ್ತಿಗೆ ಮೆಲ್ಲಗೆ ಮುಟ್ಟತೊಡಗಿತ್ತು.

ಮುಂದಿನ ವರ್ಷ ಹೊಸ ಮಕ್ಕಳು ಬಂದರು. ಅವರಿಗೂ ಹಾಗೇ ಮಾಡುತ್ತೇನೆ, ಮೂರು ದಿನ ಬರೆಸುತ್ತೇನೆ, ಎರಡು ದಿನ ಕೇಳುತ್ತೇನೆ. ಒಂದು ವ್ಯತ್ಯಾಸ ಇದೆ. ಮನೆಯ ವಿಷಯ ಯಾರಾದರೂ ಎತ್ತಿದರೆ, ಇದನ್ನು ಮನೆಯಲ್ಲಿ ಕೇಳಿದರೆ ಏನಾಗಬಹುದು ಎಂಬುದನ್ನೂ ಇಲ್ಲೇ ಮಾತಾಡಿ ಎಂದು ಹೇಳುತ್ತೇನೆ. ಆ ವರ್ಷ ಹೇಳಿರಲಿಲ್ಲ.

ಹೋದ ಡಿಸೆಂಬರಿನಲ್ಲಿ ಒಂದು ಸಭೆಗೆಂದು ತೀರ್ಥಹಳ್ಳಿಗೆ ಹೋಗಿದ್ದೆ. ವಾಪಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಯಾರೋ "ಮೇಡಂ" ಎಂದರು. ಅವಳೇ. ಬಿ.ಎಡ್. ಮಾಡುತ್ತಿದ್ದಾಳಂತೆ, ಮನೆಯಿಂದಲೇ ಓಡಾಟ. ಎದುರಿನ ಹೋಟೆಲಿನಲ್ಲಿ ಇಬ್ಬರೂ ಕಾಫಿಗೆ ಕೂತೆವು. ಬಹಳ ಹೊತ್ತು ಕಾಲೇಜಿನ ಸುದ್ದಿಯೇ ಆಯಿತು. ಕೊನೆಗೆ ನಾನೇ ಕೇಳಿದೆ.

"ಸಹಿ ಏನಾಯ್ತು?"

"ಹಾಕಿಲ್ಲ ಮೇಡಂ, ಹಾಕಲ್ಲ ಅಂತಾನೂ ಹೇಳಿಲ್ಲ" ಎಂದಳು. "ತಮ್ಮ ಆರು ತಿಂಗಳು ನನ್ನ ಹತ್ರ ಮಾತು ಬಿಟ್ಟಿದ್ದ. ಈಗ ಮಾತಾಡ್ತಾನೆ, ಆದ್ರೆ ಮುಂಚಿನ ಥರ ಇಲ್ಲ. ಅಪ್ಪ ಒಂದಿನ ನನ್ನೂ ಅವನ್ನೂ ಅಮ್ಮನ್ನೂ ಕೂರಿಸ್ಕೊಂಡ್ರು. ಏನು ಹೇಳ್ಬೇಕು ಹೇಳು ಅಂದ್ರು. ಹೇಳಿದೆ. ಅವ್ರೂ ಹೇಳಿದ್ರು. ಅತ್ತೆ ವಿಷಯ ಎಲ್ಲ ಅವತ್ತೇ ನಮಗೆ ಗೊತ್ತಾಗಿದ್ದು. ತೀರ್ಮಾನ ಏನೂ ಆಗ್ಲಿಲ್ಲ."

"ನಾನು ಅವತ್ತು ನಿನ್ನನ್ನ ತಡೀಬೇಕಿತ್ತು" ಎಂದೆ. "ಮನೇಲಿ ಹೇಗೆ ಕೇಳ್ಬೇಕು ಅಂ‌ತಾದ್ರೂ ಹೇಳ್ಬೇಕಿತ್ತು. ನನ್ನಿಂದ ನಿನಗೆ ತೊಂದ್ರೆ ಆಯ್ತು."

ಅವಳು ಲೋಟ ಕೆಳಗಿಟ್ಟಳು. "ನೀವು ಕೇಳು ಅಂತ ಹೇಳ್ಲಿಲ್ವಲ್ಲ ಮೇಡಂ. ಕೇಳಿದ್ದು ನಾನೇ" ಎಂದಳು. ಸಮಾಧಾನ ಹೇಳುವ ದನಿ ಅಲ್ಲ ಅದು. ತನ್ನದನ್ನು ಬೇರೆಯವರು ತಮ್ಮದೆಂದು ಎತ್ತಿಕೊಂಡರೆ ವಾಪಸು ಕೇಳುವ ದನಿ.

ಅರಳಸುರಳಿಯ ಕಡೆ ಹೋಗುವ ಬಸ್ಸು ಬಂತು. ಅವಳು ಬ್ಯಾಗು ಎತ್ತಿಕೊಂಡು, "ಬರ್ತೀನಿ ಮೇಡಂ" ಎಂದು ಹೋಗಿ ಹತ್ತಿದಳು. ಕಿಟಕಿ ಪಕ್ಕ ಜಾಗ ಸಿಕ್ಕಿತು. ಬಸ್ಸು ತಿರುಗಿ ಹೋಗುವವರೆಗೆ ಅಲ್ಲೇ ನಿಂತಿದ್ದೆ. ಆಮೇಲೆ ಗಡಿಯಾರ ನೋಡಿದೆ, ಸಾಗರದ ಬಸ್ಸು ಇನ್ನೂ ಬಂದಿರಲಿಲ್ಲ. ಎಷ್ಟು ಹೊತ್ತಿಗೆ ಬರುತ್ತದೆಂದು ಕಂಟ್ರೋಲರ್ ಹತ್ತಿರ ಹೋಗಿ ಕೇಳಿದೆ.